ಪೂರ್ತಿ ತೆರೆದ ಲೆನ್ಸಿಗೊಂದು ಕಪ್ಪು ಗಾಜು

ನಂಜನಗೂಡು
4 ಮಾರ್ಚ್ 2025, ಮಂಗಳವಾರ

ಟಿ. ನರಸೀಪುರದ ಹೈಸ್ಕೂಲಿನ ಗಣಿತ ಸಾಮ್ರಾಜ್ಯವನ್ನು ಏಕಾಂಗಿಯಾಗಿ ಆಳುತ್ತಿರುವ ಶ್ರೀಮತಿ ಕೋಮಲ ಮೇಡಂ ಅವರ ಸನ್ನಿಧಾನಕ್ಕೆ, ಪತಿಯೂ ಛಾಯಾಗ್ರಾಹಕನೂ ಆದ ಜಗನ್ ಸವಿನಯವಾಗಿ ಸಲ್ಲಿಸುವ ನಮಸ್ಕಾರಗಳು. ನಾನು ಕ್ಷೇಮ. ಅವ್ವ ಕ್ಷೇಮ. ಕುಕ್ಕರಿನ ಗ್ಯಾಸ್ಕೆಟ್ ಮಾತ್ರ ಕ್ಷೇಮವಾಗಿಲ್ಲ.

ತಡವಾದದ್ದಕ್ಕೆ ಬಯ್ಯಬೇಡ. ಶಾಲೆಯ ಐಡಿ ಕಾರ್ಡಿಗೆ ನಿನ್ನದೊಂದು ಫೋಟೋ ಕಳಿಸಬೇಕೆಂದು ನೀನು ಫೋನ್ ಮಾಡಿ ಇಪ್ಪತ್ತೆರಡು ದಿನವಾಯಿತು. ದಸರಾ ರಜೆ ಮುಗಿದ ಮೇಲೆ ಅಲ್ಲಿ ರೂಮು ಹಿಡಿದು ಹೋದವಳು ಈ ಐದು ತಿಂಗಳಲ್ಲಿ ನನ್ನನ್ನು ಕೇಳಿದ್ದು ಅದೊಂದನ್ನೇ. ಬಾಗಿಲ ಮೇಲೆ 'ಫೋಟೋ ಸ್ಟುಡಿಯೋ' ಎಂದು ಬೋರ್ಡು ತೂಗುಹಾಕಿಕೊಂಡವನಿಗೆ ಇದು ಎರಡು ನಿಮಿಷದ ಕೆಲಸ. ಆಗಲಿಲ್ಲ. ಏಕೆ ಆಗಲಿಲ್ಲ ಎಂದು ನಿವೇದಿಸಿಕೊಳ್ಳಲು ಈ ಕಾಗದ. ವಾಟ್ಸಾಪಿನಲ್ಲಿ ಬರೆದರೆ ಎರಡು ನೀಲಿ ಗೆರೆ ಬರುತ್ತವೆ, ಆಮೇಲೆ ಏನೂ ಬರುವುದಿಲ್ಲ. ಕಾಗದ ಒಳ್ಳೆಯದು. ನೀನು ಓದಿ ಸುಮ್ಮನಿದ್ದೀಯ ಎಂದು ಅದು ನನಗೆ ಚಾಡಿ ಹೇಳುವುದಿಲ್ಲ.

ಮೊದಲು ಸಮಾಚಾರ. ನೀನು ಹೋದ ಮೇಲೆ ಮನೆಗೆ ಹೊಸಬಳೊಬ್ಬಳು ಬಂದಿದ್ದಾಳೆ. ಗಾಬರಿ ಬೇಡ, ಲೆನ್ಸು. ಬಾಯಿ ಬಲು ಅಗಲ. ಪೂರ್ತಿ ತೆರೆದು ಹೊಡೆದರೆ ಮದುಮಗಳ ರೆಪ್ಪೆಯ ಕೂದಲು ಒಂದೊಂದೂ ಕಾಣುತ್ತದೆ, ಅವಳ ಹಿಂದಿನ ಜಗತ್ತೆಲ್ಲ ಬೆಣ್ಣೆಯ ಹಾಗೆ ಕರಗಿಹೋಗುತ್ತದೆ. ತೊಂದರೆ ಒಂದೇ. ಮಧ್ಯಾಹ್ನದ ಬಿಸಿಲಲ್ಲಿ ಅಷ್ಟು ಅಗಲ ತೆರೆದರೆ ಬೆಳಕು ನುಗ್ಗಿ ಫೋಟೋ ಸುಣ್ಣ ಬಳಿದ ಗೋಡೆಯಾಗುತ್ತದೆ.

ಸಾಯಂಕಾಲ ತೆಗೆಯಬಹುದಲ್ಲ ಎನ್ನುತ್ತೀಯ. ಹುಲ್ಲಹಳ್ಳಿಯ ಭತ್ತದ ವ್ಯಾಪಾರಿ ಶಂಭುಲಿಂಗಪ್ಪನವರನ್ನು ನೀನು ಕಂಡಿಲ್ಲ. ಅವರ ಮಗಳು ಶೃತಿಯ ಮದುವೆ ಮುಂದಿನ ತಿಂಗಳು. ಮದುವೆಗೆ ಮುಂಚಿನ ಜೋಡಿ ಫೋಟೋಗಳಿಗೆ ಹುಡುಗನಿಗೆ ಭಾನುವಾರ ಮಾತ್ರ ಬಿಡುವು. ಭಾನುವಾರ ಸಾಯಂಕಾಲ ನಾಲ್ಕೂವರೆಯಿಂದ ಆರು, ಬಿಸಿಲು ಚಿನ್ನವಾಗುವ ಹೊತ್ತು, ಸರಿಯಾಗಿ ರಾಹುಕಾಲ.

"ರಾಹುಕಾಲ್ದಲ್ಲಿ ನನ್ ಮಗ್ಳ ಫೋಟೋ ತಗಿಯಾಕೆ ಬುಡಾಕಿಲ್ಲ ಕಣಪ್ಪ," ಎಂದರು. "ಮೂರರ ಮ್ಯಾಲೆ ಗುಳಿಕಕಾಲ. ಹನ್ನೆರಡರಿಂದ ಒಂದೂವರೆಗಂಟ ಯಮಗಂಡ."

"ಬೆಳಿಗ್ಗೆ, ಸ್ವಾಮಿ?"

"ಬೆಳಿಗ್ಗೆ ಅವ್ಳು ಬ್ಯೂಟಿ ಪಾರ್ಲರ್ಗೋಯ್ತಾಳೆ."

ಉಳಿದದ್ದು ಒಂದೂವರೆಯಿಂದ ಮೂರು. ಪಂಚಾಂಗಕ್ಕೆ ಶುಭ, ಕ್ಯಾಮೆರಾಗೆ ಅದೇ ಯಮಗಂಡ.

ಆದ್ದರಿಂದ ಎನ್‌ಡಿ ಫಿಲ್ಟರ್ ತರಿಸಿದೆ. ಲೆನ್ಸಿನ ಮೂತಿಗೆ ತಿರುಗಿಸಿ ಕೂರಿಸುವ ಕಪ್ಪು ಗಾಜು. ಎಂಟು ಪಾಲು ಬೆಳಕು ಬಂದರೆ ಏಳನ್ನು ಹೊರಗೇ ನಿಲ್ಲಿಸಿ ಒಂದನ್ನು ಒಳಗೆ ಬಿಡುತ್ತದೆ. ಬಣ್ಣಕ್ಕೆ ಕೈ ಹಚ್ಚುವುದಿಲ್ಲ. ಇದರಷ್ಟು ನಿಷ್ಪಕ್ಷಪಾತಿಯಾದ ವಸ್ತು ನಮ್ಮ ಮನೆಯಲ್ಲಿ ಬೇರೊಂದಿಲ್ಲ.

ಮೊನ್ನೆ ಭಾನುವಾರ ಕಪಿಲೆಯ ಮೆಟ್ಟಿಲ ಹತ್ತಿರ ಹೋದೆವು. ಮುಖಕ್ಕೆ ಬೆಳಕು ತಿರುಗಿಸುವ ರಿಫ್ಲೆಕ್ಟರ್ ಹಿಡಿಯಲು ನೀನಿಲ್ಲವಲ್ಲ, ಆಟೋ ಬೆಟ್ಟಯ್ಯನನ್ನು ಕರೆದುಕೊಂಡಿದ್ದೆ. ಗಾಜು ಕೂರಿಸುವುದನ್ನು ನೋಡಿ ಅವನಿಗೆ ಆಶ್ಚರ್ಯ.

"ಅಲ್ಲಾ ಸಾ, ಬಾಗ್ಲ ಪೂರಾ ತಗುದ್ಬುಟ್ಟು ಅಡ್ಡಕ್ಕೆ ಕರೀ ಪರದೆ ಕಟ್ತಿದ್ದೀರಲ್ಲ, ಬಾಗ್ಲನ್ನೇ ವಸಿ ಮುಚ್ಚುದ್ರೆ ಆಗಾಕಿಲ್ವಾ?"

"ಮುಚ್ಚಿದ್ರೆ ಹಿಂದೆ ಇರೋರೆಲ್ಲ ಕರಗದೆ ಹಾಗೇ ಕಾಣ್ತಾರೆ ಕಣೋ."

"ಕಂಡ್ರೆ ಏನಾಯ್ತದೆ ಸಾ? ಕಾಣ್ಲಿ ಬುಡಿ."

ಹದಿನಾಲ್ಕು ವರ್ಷದ ಅನುಭವಿ ಛಾಯಾಗ್ರಾಹಕನಾದ ನಾನು ಗಾಜನ್ನು ಇನ್ನೊಂದು ಸುತ್ತು ಬಿಗಿ ಮಾಡಿದೆ.

ಶೃತಿ ಮೇಕಪ್ ಕರಗುತ್ತದೆಂದು ಎ.ಸಿ. ಕಾರಿನಿಂದ ಇಳಿಯಲೊಲ್ಲಳು. ಹೀಗಾಗಿ ಬೆಳಕು ನೋಡಲು ಬೆಟ್ಟಯ್ಯನೇ ಮದುಮಗಳಾದ. ಹೆಗಲ ಟವಲನ್ನು ತಲೆಗೆ ಹೊದ್ದು, ಗಲ್ಲ ಎತ್ತಿ, ನಾಚಿಕೊಂಡು ನಿಂತ. ಕ್ಲಿಕ್ ಮಾಡಿದೆ. ಬೆಳಕು ಸರಿಯಿತ್ತು. ಹೆಬ್ಬೆರಳು ತಾನಾಗಿ ಡಿಲೀಟ್ ಗುಂಡಿಗೆ ಹೋಯಿತು.

"ಅದ್ಯಾಕ್ ಸಾ ಅಳ್ಸೀರಿ? ಇರ್ಲಿ ಬುಡಿ. ನಂದೊಂದು ಒಳ್ಳೆ ಫೋಟೋ ಎಲ್ಲೂ ಇಲ್ಲ."

ಬೆರಳು ಅಲ್ಲೇ ನಿಂತಿತು, ಕೋಮಲ. ಹದಿನಾಲ್ಕು ವರ್ಷ, ಭಾನುವಾರ ಬಂತೆಂದರೆ ಆ ಜಾಗದಲ್ಲಿ ನಿಂತವಳು ನೀನು. ಗಲ್ಲ ಎತ್ತು, ಎಡಕ್ಕೆ ತಿರುಗು, ಸಾಕು ಬಾ. ಬೆಳಕು ಸರಿಯಿದ್ದರೆ ಡಿಲೀಟ್, ಸರಿಯಿಲ್ಲದಿದ್ದರೂ ಡಿಲೀಟ್. ಎಲ್ಲ ಮದುವೆಗಳ ಮೊದಲ ಫೋಟೋ ನಿನ್ನದೇ. ಒಂದೂ ಉಳಿದಿಲ್ಲ.

ಬೆಟ್ಟಯ್ಯನ ಫೋಟೋ ಅಳಿಸಲಿಲ್ಲ.

ಶಂಭುಲಿಂಗಪ್ಪನವರ ಗಲಾಟೆ ಕೇಳು. ಕ್ಯಾಮೆರಾದ ಪರದೆಗೆ ಕಣ್ಣು ಹಚ್ಚಿ ಕೂಗಿದರು: "ಏನಪ್ಪಾ ಜಗನ್, ನಂಜುಂಡಪ್ಪನ ಗೋಪುರವ ಇಂಗೆ ಕಲಸ್ಬುಟ್ಟಿದ್ದೀಯೆ! ನೆಂಟ್ರು ಇದ್ಯಾವೂರು ಅಂತ ಕೇಳಾಕಿಲ್ವಾ?"

"ಅಪ್ಪಾಜಿ, ನಾನು ಚೆನ್ನಾಗಿ ಬಂದಿದ್ದೀನಲ್ಲ, ಸುಮ್ನಿರಿ," ಎಂದಳು ಶೃತಿ.

ಗೋಪುರದ್ದೇ ಬೇರೆ ಫೋಟೋ ತೆಗೆದುಕೊಡುವುದಾಗಿ ಮಾತುಕೊಟ್ಟು ಬಚಾವಾದೆ.

ನಿನ್ನೆ ಅಂಗಡಿ ತೆರೆಯಲಿಲ್ಲ. ಹಳೆಯ ಹಾರ್ಡ್ ಡಿಸ್ಕುಗಳನ್ನು ಮತ್ತೆ ಒಂದೊಂದೇ ಹಾಕಿ ಹುಡುಕಿದೆ. ನಮ್ಮ ಮದುವೆಯ ಫೋಟೋಗಳಿವೆ, ಅವನ್ನು ತೆಗೆದವನು ನಾನಲ್ಲ. ಮೂರು ಆಲ್ಬಮ್ಮುಗಳಲ್ಲಿ ನೀನು ಸಿಕ್ಕಿದೆ: ಮದುಮಗಳ ಕಿವಿಯ ಹಿಂದೆ, ಹಳದಿ ಬಣ್ಣದ ಒಂದು ಮುದ್ದೆಯಾಗಿ. ಆ ಮುದ್ದೆ ನೀನೇ ಎಂದು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡುತ್ತೇನೆ. ಐಡಿ ಕಾರ್ಡಿನವರು ಒಪ್ಪುವುದಿಲ್ಲ.

ಆ ಆಲ್ಬಮ್ಮುಗಳಲ್ಲೊಂದು ಬಿಳಿಗೆರೆ ಊರಿನ ಮದುವೆಯದು. ನಿನಗೆ ನೆನಪಿರುತ್ತದೆ. ರಿಫ್ಲೆಕ್ಟರ್ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, "ರೀ, ನಂದೂ ಒಂದು ತೆಗೀರಿ, ಅಳಿಸ್ಬೇಡಿ," ಎಂದು ನೀನು ಕೇಳಿದ್ದೆ. "ಬ್ಯಾಟರಿ ಇಲ್ಲ, ಸುಮ್ನಿರೇ," ಎಂದು ನಾನು ಹೇಳಿದ್ದೆ. ಬ್ಯಾಟರಿ ಇತ್ತು. ನೀನು ನಕ್ಕು ರಿಫ್ಲೆಕ್ಟರ್ ಎತ್ತಿಕೊಂಡೆ. ಆ ನಗು ನಾನು ತೆಗೆಯದ ಫೋಟೋಗಳಲ್ಲೆಲ್ಲ ಚೆನ್ನಾಗಿ ಬಂದಿದೆ.

ಇಷ್ಟೇ ನನ್ನ ನಿವೇದನೆ. ಅವ್ವ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಳೆ. "ಒತ್ತೊತ್ತಿಗೆ ಉಣ್ಣು ಅಂತ ಬರಿ. ಬಿಸ್ಲಲ್ಲಿ ತಿರುಗ್ಬ್ಯಾಡ ಅಂತ ಬರಿ. ನನ್ ಮಗ್ಳು ತಣ್ಣಗಿರ್ಲಿ," ಎನ್ನುತ್ತಿದ್ದಾಳೆ. ಬರೆದಿದ್ದೇನೆ. ಬುದ್ಧನ ಕರುಣೆ ನಿನ್ನ ಮೇಲಿರಲಿ, ನಿನ್ನ ಹತ್ತನೇ ಕ್ಲಾಸಿನವರೆಲ್ಲ ಪಾಸಾಗಲಿ.

ನಿನ್ನ
ಜಗನ್

ತಾ.ಕ.: ನಿನ್ನ ಜೊತೆ ವರ್ಗಾವಣೆಯ ಕೌನ್ಸೆಲಿಂಗಿಗೆ ಹೋಗಿದ್ದ ಪವಿತ್ರ ಟೀಚರ್ ಜನವರಿಯಲ್ಲಿ ಅಂಗಡಿಗೆ ಬಂದಿದ್ದರು. "ನಂಜನಗೂಡಲ್ಲೇ ಜಾಗ ಖಾಲಿ ಇತ್ತಲ್ಲ ಸರ್, ಕೋಮಲ ಯಾಕೆ ನರಸೀಪುರ ತಗೊಂಡ್ರು?" ಎಂದು ಕೇಳಿದರು. ನಾನು ಕ್ಯಾಮೆರಾದ ಹಿಂದೆ ಮುಖ ಇಟ್ಟುಕೊಂಡು, "ಸ್ವಲ್ಪ ನಗಿ ಮೇಡಂ," ಎಂದೆ. ಸರ್ಕಾರ ನಿನ್ನನ್ನು ಕಳಿಸಲಿಲ್ಲ, ನೀನೇ ಹೋದೆ ಎಂದು ಅವತ್ತಿನಿಂದ ನನಗೆ ಗೊತ್ತು. ಅವ್ವನಿಗೆ, ಊರಿಗೆ, ಸರ್ಕಾರವೇ ಕಳಿಸಿತು ಎಂದು ಈಗಲೂ ಹೇಳುತ್ತಿದ್ದೇನೆ. ವಾಪಸು ಬಾ ಎಂದು ಕೇಳುವ ಮುಖ ನನಗಿಲ್ಲ. ಆದರೆ ಅಲ್ಲಿನ ಬಸ್ ಸ್ಟ್ಯಾಂಡಿನ ಸುತ್ತ ಬೇಕಾದಷ್ಟು ಸ್ಟುಡಿಯೋಗಳಿವೆ, ಐದು ನಿಮಿಷದಲ್ಲಿ ಫೋಟೋ ಕೈಗಿಡುತ್ತಾರೆ, ಅದು ನಿನಗೂ ಗೊತ್ತು. ಗೊತ್ತಿದ್ದೂ ನನ್ನನ್ನೇ ಕೇಳಿದೆ. ಈ ಭಾನುವಾರ ಯಾರ ಕೆಲಸವನ್ನೂ ಒಪ್ಪಿಕೊಂಡಿಲ್ಲ, ಮೊದಲ ಬಸ್ಸಿಗೆ ಬರುತ್ತೇನೆ. ಅಲ್ಲಿಯವರೆಗೆ ಬೇರೆ ಯಾರ ಮುಂದೆಯೂ ಕೂತು ತೆಗೆಸಿಕೊಳ್ಳಬೇಡ, ಕೋಮಲ.