ಬೀಗ ಹಾಕಿಟ್ಟ ಗುಳಿಗೆಗಳ ಕ್ಷೇಮ ಸಮಾಚಾರ

ಹಂದಿಜ್ವರದ ಗುಳಿಗೆಗಳ ಕೀಲಿಕೈ ಇಟ್ಟುಕೊಂಡಿರುವ ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಉಗ್ರಾಣದಲ್ಲಿ ಗುಳಿಗೆಗಳು ಕ್ಷೇಮವಾಗಿವೆ ಎಂದು ಕೇಳಿ ಸಂತೋಷವಾಯಿತು. ಕೆಂಭಾವಿ ಕಡೆ ನಾವು ಅಷ್ಟು ಕ್ಷೇಮವಾಗಿಲ್ಲ. ಜ್ವರ ಹಳ್ಳಿಯಲ್ಲಿದೆ, ಗುಳಿಗೆ ಜಿಲ್ಲಾ ಕೇಂದ್ರದಲ್ಲಿದೆ, ಇವೆರಡರ ಭೇಟಿಗೆ ಬೆಂಗಳೂರಿನ ಪ್ರಯೋಗಾಲಯದ ಅಪ್ಪಣೆ ಬೇಕಂತೆ. ಜ್ವರ ಬಂದ ಎರಡು ದಿನದೊಳಗೆ ಗುಳಿಗೆ ಶುರುವಾಗಬೇಕೆಂದು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದವರು ನೀವೇ. ವರದಿ ಬರುವುದು ವಾರದ ಮೇಲೆ. ಈ ಲೆಕ್ಕ ಹಾಕಿಕೊಟ್ಟ ಪಂಡಿತರು ಯಾರು ಸ್ವಾಮಿ?

ಭತ್ತದ ಕೊಯ್ಲು ಮುಗಿದ ಮೇಲೆ ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾವು ಗೊಬ್ಬರಕ್ಕಾಗಿ ಕುರಿಹಿಂಡು ನಿಲ್ಲಿಸಿಕೊಳ್ಳುತ್ತೇವೆ. ಈ ಸಲ ನನ್ನ ಗದ್ದೆಗೆ ಬಂದದ್ದು ಕುರಿಗಾಹಿ ಮಲಕಮ್ಮನ ಹಿಂಡು. ಅವಳ ಬಸುರಿ ಸೊಸೆ ಮಾಳಮ್ಮನಿಗೆ ಮೈ ಸುಡುವ ಜ್ವರ ಬಂತು. ನಮ್ಮೂರ ಆಸ್ಪತ್ರೆಯ ಡಾಕ್ಟರು ಗಂಟಲ ದ್ರವ ತೆಗೆದು, "ಅದೇ ಜ್ವರ ಇದ್ದಂಗದ. ಆದ್ರ ವರದಿ ಬರೋತನಕ ಗುಳಿಗಿ ಕೊಡಂಗಿಲ್ರಿ, ಮ್ಯಾಲಿನ ಆರ್ಡರ್" ಎಂದರು.

ಮರುದಿನ ಒಂದು ಟಗರು ಕೆಮ್ಮಿತು. ಪಶು ಆಸ್ಪತ್ರೆಯ ಫಕೀರಸಾಬ ಗದ್ದೆಗೇ ಬಂದು ಇಡೀ ಹಿಂಡಿಗೆ ಔಷಧ ಕುಡಿಸಿದ. ಯಾವ ಕುರಿಯ ಗಂಟಲ ದ್ರವವೂ ಬೆಂಗಳೂರಿಗೆ ಹೋಗಲಿಲ್ಲ. ಕುರಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟ ಹಿಡಿದು ಮಲಕಮ್ಮ ಅವನ ಮುಂದೆ ನಿಂತಳು.

"ಯಪ್ಪಾ, ನನ್ನ ಸೊಸಿಗೂ ಒಂದೀಟು ಹಾಕು."

"ಯವ್ವಾ, ಇದು ಕುರಿ ಔಷಧ ಅದ. ಬಸುರಿಗೆ ಕುಡಿಸಿಗಿಡಿಸೀಯ!"

"ಮಂದಿ ಔಷಧ ಮಂದಿಗಿ ಕೊಡಂಗಿಲ್ಲಂತಾರ. ಇದನ್ನರೆ ಕೊಡು."

ಅವನು ಬಾಟಲಿ ಹಿಂದಕ್ಕೆ ಸರಿಸಿದ. ನನಗೆ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು.

ಮಾಳಮ್ಮನ ಕೂಸು ಹೊಟ್ಟೆಯಲ್ಲೇ ಹೋಯಿತು. ಅವಳೀಗ ದೊಡ್ಡಾಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದಾಳೆ. ನಿನ್ನೆ ವರದಿ ಬಂತು: ಹಂದಿಜ್ವರವೇ ಹೌದು. ಅಭಿನಂದನೆಗಳು! ನನಗೆ ಸಿಟ್ಟು ಬಂದಿದೆ ಮಾನ್ಯರೇ, ನಯವಾಗಿ ಬರೆಯುವುದು ಕಷ್ಟವಾಗುತ್ತಿದೆ.

ಕಂಡಕಂಡವರಿಗೆ ಕೊಟ್ಟರೆ ಗುಳಿಗೆಯ ಶಕ್ತಿ ಹೋಗುತ್ತದೆ ಎಂಬುದು ನಿಮ್ಮ ವಾದ. ಒಪ್ಪಿದೆ. ಕಿರಾಣಿ ಅಂಗಡಿಯಲ್ಲಿಡಿ ಎಂದು ಕೇಳಿದವರು ಯಾರು? ರೋಗಿಯನ್ನು ಕಣ್ಣಾರೆ ಕಂಡ ಡಾಕ್ಟರ ಕೈಗೆ ಕೊಡಿ ಎನ್ನುತ್ತಿದ್ದೇವೆ. ಬೀಗದೊಳಗೇ ಅವಧಿ ಮುಗಿದರೆ ಆ ಶಕ್ತಿ ಯಾರ ಮನೆಗೆ ಹೋಗುತ್ತದೆ?

ಹಳ್ಳಿಯ ಆಸ್ಪತ್ರೆಗಳಿಗೆ ಗುಳಿಗೆ ಕಳಿಸಿ. ಲಕ್ಷಣ ನೋಡಿ ಕೊಡುವ ಅಧಿಕಾರವನ್ನೂ ಜೊತೆಗೆ ಕಳಿಸಿ. ಇವತ್ತೇ ಕಳಿಸಿ, ಯಾಕೆಂದರೆ ಬೆಳಿಗ್ಗೆಯಿಂದ ಮಲಕಮ್ಮನಿಗೂ ಜ್ವರ. ಡಾಕ್ಟರ ಹತ್ತಿರ ಹೋಗೋಣ ನಡಿ ಎಂದರೆ, "ಯಾಕ್ರಿ, ವರದಿ ಬರೋತನಕ ಕಾಯಾಕ?" ಎಂದು ಮುಸುಕೆಳೆದು ಮಲಗಿದಳು. ಇದಕ್ಕೆ ಉತ್ತರ ನೀವೇ ಬಂದು ಹೇಳಿ.

ಇಂತಿ,
ಸದ್ಯಕ್ಕೆ ಇನ್ನೂ ಕೆಮ್ಮದಿರುವ,
ಮಾನಪ್ಪ, ರೈತ
ಕೆಂಭಾವಿ