ಸಂಬಳದಲ್ಲಿ ಎಷ್ಟು ಮುರಿಯಬೇಕು

ಮನೆಯಿಂದ,
ಜನವರಿ ೧೮, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಮಂಡಿ ನೋವು ಕಡಿಮೆಯಾಯಿತಾ? ಭಾವ ಅಷ್ಟು ವರ್ಷ ಔಷಧಿ ಅಂಗಡಿ ನಡೆಸಿದವರು, ಮನೆಯಲ್ಲಿ ಮುಲಾಮಿಗೇನೂ ಬರವಿರಲಾರದು. ಆದರೆ ಹಚ್ಚಿಕೊಳ್ಳಬೇಕಾದವಳು ನೀನು, ಆ ವಿಷಯದಲ್ಲಿ ನಿನ್ನಂಥ ಸೋಮಾರಿ ಇನ್ನೊಬ್ಬಳಿಲ್ಲ. ಭಾವನವರಿಗೆ ನಮಸ್ಕಾರ ತಿಳಿಸು. ಅವರ ಮಗ, ಸೊಸೆಯನ್ನೂ ಕೇಳಿದೆ ಎನ್ನು. ನಾನು ಚೆನ್ನಾಗಿದ್ದೇನೆ, ಕೆಮ್ಮು ಹೋಯಿತು. ಅಡುಗೆ ಮಾಡಿಕೊಳ್ಳುತ್ತೇನೋ ಇಲ್ಲವೋ ಅಂತ ನೀನು ಅನುಮಾನಪಡಬೇಕಾಗಿಲ್ಲ, ಮಾಡಿಕೊಳ್ಳುತ್ತೇನೆ. ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕು ಅನ್ನುವುದು ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ದಿನಾ ಮಿಗುತ್ತದೆ, ಮಾರನೇ ದಿನ ಅದನ್ನೇ ತಿನ್ನುತ್ತೇನೆ, ಅವತ್ತು ಮಾಡಿದ್ದು ಅದರ ಮಾರನೇ ದಿನಕ್ಕೆ ಉಳಿಯುತ್ತದೆ. ಒಟ್ಟಿನಲ್ಲಿ ನೀನು ಹೋದಾಗಿನಿಂದ ಬಿಸಿ ಅನ್ನದ ರುಚಿ ಮರೆತಿದ್ದೇನೆ ಅಂದುಕೋ.

ನಿನ್ನ ಕಾಗದ ಬಂದು ವಾರದ ಮೇಲಾಯಿತು. ಸೊಸೆ ಒಂದು ಚಮಚ ಎತ್ತುವುದಕ್ಕೂ ಬಿಡುವುದಿಲ್ಲ, ರಾಣಿಯ ಹಾಗೆ ಕೂತಿದ್ದೇನೆ ಅಂತ ಬರೆದಿದ್ದೀಯ. ಬೆಳಗ್ಗೆ ಎದ್ದು ಸ್ನಾನ ಮಾಡಿ ಕಿಟಕಿಯ ಪಕ್ಕ ಕೂತರೆ ಮಧ್ಯಾಹ್ನವಾಗುತ್ತದಂತೆ. ಅದೆಲ್ಲ ಓದಿ ನಗು ಬಂತು, ನೀನು ಸುಮ್ಮನೆ ಕೂತಿರುವುದನ್ನು ನಾನಂತೂ ಹುಟ್ಟಿದಾಗಿನಿಂದ ನೋಡಿಲ್ಲ. ಕೊನೆಯಲ್ಲಿ, ಸಹಿಗೆ ಸ್ವಲ್ಪ ಮೇಲೆ, ‘ಈ ಸಲದ ಮಟ್ಟಿಗೆ ನಿನ್ನ ತೆರಿಗೆ ಕಾಗದದಲ್ಲಿ ನನ್ನ ಹೆಸರು ಇರಲಿ ಬಿಡೋ, ತೆಗೀಬೇಡ’ ಅಂತ ಒಂದು ಸಾಲು ಬರೆದಿದ್ದೀಯಲ್ಲ, ಅದಕ್ಕೆ ಏನು ಉತ್ತರ ಬರೆಯಲಿ ಅಂತಲೇ ಇಷ್ಟು ದಿನ ತಡವಾಯಿತು. ಬೇಜಾರು ಮಾಡಿಕೊಳ್ಳಬೇಡ. ಏನೇನಾಯಿತು ಅಂತ ಮೊದಲಿನಿಂದ ಹೇಳುತ್ತೇನೆ.

ಮೊದಲನೇ ದಿನವೇ ತೆರಿಗೆ ಕಾಗದ ಕೊಟ್ಟುಬಿಡಬೇಕು ಅನ್ನುವ ನಿನ್ನ ಹಟ ನನಗೂ ಅಂಟಿಬಿಟ್ಟಿದೆ ನೋಡು. ಗಡುವಿಗೆ ಇನ್ನೂ ತಿಂಗಳುಗಟ್ಟಲೆ ಇರುತ್ತದೆ, ಊರಿಗೆ ಊರೇ ಹಾಯಾಗಿರುತ್ತದೆ, ಕಚೇರಿಯ ಬಾಗಿಲು ತೆರೆಯುವ ಮೊದಲೇ ನಾವಿಬ್ಬರು ಮೆಟ್ಟಿಲ ಮೇಲೆ ಹಾಜರು. ಮೊದಲು ಕೊಟ್ಟವರದ್ದು ಮೊದಲು ನೋಡುತ್ತಾರೆ ಅಂತ ನೀನು. ಮೊದಲು ಕೊಟ್ಟದ್ದು ರಾಶಿಯ ಅಡಿಗೆ ಹೋಗುತ್ತೆ ಕಣೇ ಅಕ್ಕಾ ಅಂತ ನಾನು. ಎಷ್ಟು ವರ್ಷ ಈ ಜಗಳ ಆಡಿದ್ದೇವೋ! ಈ ಸಲವೂ ಹಿಂದಿನ ದಿನ ಊಟದ ಮೇಜು ಒರೆಸಿ, ಸಂಬಳದ ಚೀಟಿಗಳನ್ನು ತಿಂಗಳ ಪ್ರಕಾರ ಜೋಡಿಸಿ ಕೂತೆ. ನೀನು ಓದಬೇಕು, ನಾನು ಬರೆಯಬೇಕು, ಬರೆದದ್ದನ್ನು ತಿರುಗಿ ಜೋರಾಗಿ ಹೇಳಬೇಕು, ನೀನು ‘ಹ್ಞೂಂ, ಮುಂದೆ’ ಅನ್ನಬೇಕು. ಅದಿಲ್ಲದೆ ನನಗೆ ಒಂದು ಅಂಕಿಯೂ ಬರೆಯಲು ಬರುವುದಿಲ್ಲ ಅಂತ ಅವತ್ತೇ ಗೊತ್ತಾದದ್ದು. ಊರಿನವರ ಕನ್ನಡಕಕ್ಕೆಲ್ಲ ಗಾಜು ಉಜ್ಜಿ ಕೊಡುವವನು ನಾನು, ಫಾರಂನ ಸಣ್ಣ ಅಕ್ಷರ ನನಗೇ ಕಾಣುವುದಿಲ್ಲ. ಸರಿ, ಎರಡೂ ಪಾರ್ಟು ನಾನೇ ಮಾಡಿದೆ. ನಿನ್ನ ಧ್ವನಿಯಲ್ಲಿ ಓದಿದೆ, ನನ್ನ ಧ್ವನಿಯಲ್ಲಿ ತಿರುಗಿ ಹೇಳಿದೆ, ‘ಹ್ಞೂಂ, ಮುಂದೆ’ ಅಂತಲೂ ಅಂದೆ. ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ನರ್ಸಮ್ಮ ಮೇಲೆ ಬಂದು ಬಾಗಿಲು ತಟ್ಟಿದರು. ‘ಅಕ್ಕ ಬಂದ್ರಾ? ಮಾತು ಕೇಳಿಸ್ತು’ ಅಂದರು, ಮುಖವೆಲ್ಲ ಅರಳಿತ್ತು. ಇಲ್ಲ, ರೇಡಿಯೋ ಅಂದೆ. ನಿಮ್ಮ ಸಂಬಳ ರೇಡಿಯೋದಲ್ಲಿ ಹೇಳ್ತಾರಾ ಅಂತ ಅವರು ಕೇಳಲಿಲ್ಲ, ನನ್ನ ಪುಣ್ಯ. ಅವರು ಇಳಿದು ಹೋದ ಮೇಲೆ ಬಾಯಿ ಮುಚ್ಚಿಕೊಂಡೇ ಬರೆದೆ. ಆಗ ಮನೆ ತುಂಬ ದೊಡ್ಡದಾಗಿದೆ ಅನ್ನಿಸಿತು.

‘ನಿಮ್ಮ ಆಶ್ರಯದಲ್ಲಿರುವವರು’ ಅನ್ನುವ ಕಡೆ ನಿನ್ನ ಹೆಸರನ್ನೇ ಬರೆದೆ, ನೀನು ಹೇಳಿದ ಹಾಗೆ. ಅಮ್ಮ ಹಾಸಿಗೆ ಹಿಡಿದು ನೀನು ಹೊಲಿಗೆ ಕೆಲಸ ಬಿಟ್ಟಾಗಿನಿಂದ ಅಲ್ಲಿ ನಿನ್ನದೇ ಹೆಸರು ತಾನೇ. ಅದನ್ನು ಓದಿದಾಗಲೆಲ್ಲ ನೀನು ಕನ್ನಡಕ ತೆಗೆದು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ನಾನು ನಿನ್ನ ಆಶ್ರಯದಲ್ಲಿದೀನಾ? ನಿನ್ನ ಅಂಗಿ ಗುಂಡಿಗಳನ್ನ ಕೇಳಿ ನೋಡಪ್ಪ’ ಅನ್ನುತ್ತಿದ್ದೆ. ಆ ಜಾಗದಲ್ಲಿ ಕೈ ತಾನಾಗಿಯೇ ಓಡಿತು, ಬೇರೇನೂ ಯೋಚನೆ ಮಾಡಲಿಲ್ಲ. ಮಾರನೇ ದಿನ ರಜೆ ಹಾಕಿ ಕಚೇರಿಗೆ ಹೋದೆ. ನನಗಿಂತ ಮುಂದೆ ಒಬ್ಬರು ಮುದುಕರಿದ್ದರು, ಅಷ್ಟೇ. ಗಾಜಿನ ಆಚೆ ಹೊಸ ಹುಡುಗಿ, ಶೀತ ಹಿಡಿದು ಮೂಗು ಕೆಂಪಾಗಿತ್ತು. ಕಾಗದ ತಿರುವಿ ಹಾಕುತ್ತ, ತಲೆಯೆತ್ತದೆ, ‘ಇವರು ಈಗ ನಿಮ್ಮ ಜೊತೆ ಇದಾರಾ?’ ಅಂತ ಕೇಳಿದಳು. ದಿನಕ್ಕೆ ನೂರು ಜನರನ್ನು ಕೇಳುವ ಪ್ರಶ್ನೆ, ಅವಳಿಗೆ ಅದರಲ್ಲಿ ಏನೂ ಇಲ್ಲ. ಹೌದು ಅನ್ನಬೇಕು ಅಂತಲೇ ಬಾಯಿ ತೆರೆದೆ ಅಕ್ಕಾ. ಆದರೆ, ಇಲ್ಲ, ಹೋದ ವರ್ಷ ಜೂನ್‌ನಲ್ಲಿ ಮದುವೆಯಾಗಿ ಗಂಡನ ಮನೆಗೆ ಹೋದರು ಅಂದೆ. ಅವಳು ಈಗ ತಲೆಯೆತ್ತಿದಳು. ಮಗಳಾ ಅಂದಳು. ಅಕ್ಕ ಅಂದೆ. ಪಾಪ, ನಗಬಾರದು ಅಂತ ಸೀನಿದಳು. ಹಾಗಾದ್ರೆ ಅವರ ಯಜಮಾನರು ತಮ್ಮ ಕಾಗದದಲ್ಲಿ ಬರ್ಕೋಬೇಕು, ನೀವು ಬೇರೆ ಫಾರಂ ತುಂಬಿ ಕೊಡಿ ಅಂದಳು. ಗೋಡೆಯ ಪಕ್ಕ ನಿಂತು ಬರೆಯುವ ಮೇಜಿದೆಯಲ್ಲ, ದಾರ ಕಟ್ಟಿದ ಪೆನ್ನಿರುವುದು, ಅಲ್ಲಿ ನಿಂತು ಹೊಸದು ತುಂಬಿದೆ. ಆ ಜಾಗದಲ್ಲಿ ಒಂದು ಗೆರೆ ಎಳೆದು ಕೊಟ್ಟು ಬಂದೆ. ನಿನ್ನ ಮಾತು ನಡೆಸಲಿಲ್ಲ, ಕೋಪ ಮಾಡಿಕೊಳ್ಳಬೇಡ. ಸರ್ಕಾರಕ್ಕೆ ಹೆದರಿ ಹಾಗೆ ಮಾಡಲಿಲ್ಲ. ಹೌದು ಅಂತ ಸುಳ್ಳು ಹೇಳಿ ಮನೆಗೆ ಬಂದು, ಬೀಗ ತೆಗೆದು ಒಳಗೆ ಹೋಗಲು ನನಗೆ ಆಗುತ್ತಿರಲಿಲ್ಲ.

ಹಾಗಾಗಿ ಈ ಸಲ ವಾಪಸ್ಸು ಬರುವ ಹಣ ಏನೇನೂ ಇಲ್ಲ, ನಾನೇ ಒಂದಿಷ್ಟು ಕಟ್ಟಬೇಕಾಗಿ ಬಂತು. ಮುಂದಿನ ವರ್ಷವೂ ಹೀಗಾಗಬಾರದು ಅಂದರೆ ತಿಂಗಳ ಸಂಬಳದಲ್ಲಿ ತೆರಿಗೆಗೆ ಎಷ್ಟು ಮುರಿದುಕೊಳ್ಳಬೇಕು ಅಂತ ಈಗಲೇ ಹೇಳಬೇಕಂತೆ. ಕಾರ್ಖಾನೆಯಲ್ಲಿ ಸಂಬಳದ ಮೇಡಂ ನನ್ನ ಯಂತ್ರದ ಹತ್ತಿರವೇ ಬಂದರು. ಸಾಣೆಯ ಮೇಲೆ ನೀರು ಓಡುತ್ತಿತ್ತು, ತೋಳೆಲ್ಲ ಗಾಜಿನ ಬಿಳಿ ಕೆಸರು, ಅವರು ಸೀರೆ ಒದ್ದೆಯಾಗದ ಹಾಗೆ ದೂರದಲ್ಲೇ ನಿಂತು ಫಾರಂ ಚಾಚಿದರು. ನೀನು ಮಾಡಿಟ್ಟ ಏರ್ಪಾಡು ಅವರಿಗೆ ಯಾವತ್ತೂ ಅರ್ಥವಾಗಿಲ್ಲ. ಮುರಿಯಬೇಕಾದ್ದಕ್ಕಿಂತ ಹೆಚ್ಚಿಗೆ ಮುರಿದುಕೊಳ್ಳಿ ಅಂತ ಬರೆದುಕೊಡುವ ಮನುಷ್ಯ ಇಡೀ ಕಾರ್ಖಾನೆಯಲ್ಲಿ ನಾನೊಬ್ಬನೇ. ‘ತಿಂಗಳು ತಿಂಗಳು ಕೈಗೇ ತಗೊಳ್ಳಿ ಸಾರ್, ಸರ್ಕಾರಕ್ಕೆ ಯಾಕೆ ಬಡ್ಡಿ ಇಲ್ದೆ ಸಾಲ ಕೊಡ್ತೀರಾ’ ಅಂದರು. ಪಕ್ಕದ ಯಂತ್ರದ ಮೀಸೆಯವನು ಕಿವಿ ನಿಮಿರಿಸಿಕೊಂಡು ಕೇಳುತ್ತಿದ್ದ. ನನ್ನ ಕೈಗೆ ನಾಲ್ಕು ಕಾಸು ಹೆಚ್ಚಿಗೆ ಬಂದರೆ ಅವನಿಗೆ ತಾನೇ ಹಬ್ಬ, ಸಂಬಳದ ದಿನ ಅವನು ನನ್ನ ಆರೋಗ್ಯ ವಿಚಾರಿಸುವ ಚೆಂದವೇ ಬೇರೆ. ಸಾಲ ಕೇಳಿದವರಿಗೆಲ್ಲ ಇಲ್ಲ ಅನ್ನಲು ಬಾಯಿ ಬರದವನು ಇವನು ಅಂತ ತಿಳಿದೇ ನೀನು ನನ್ನ ಹಣವನ್ನು ಸರ್ಕಾರದ ಹತ್ತಿರ ಬಚ್ಚಿಟ್ಟದ್ದು. ವರ್ಷಕ್ಕೊಮ್ಮೆ ವಾಪಸ್ಸು ಬರುತ್ತಿದ್ದ ಆ ಹಣದಲ್ಲೇ ಫ್ರಿಜ್ಜು ಬಂತು, ಅಮ್ಮನಿಗೆ ಎತ್ತಿ ಇಳಿಸುವ ಮಂಚ ಬಂತು, ನನ್ನ ಬಾಯಿಗೆ ಮುಂದಿನ ಹಲ್ಲು ಬಂತು. ನೀನಿದ್ದಾಗ ನನಗೆ ಅದು ಎಷ್ಟು ಸಿಟ್ಟು ಬರಿಸುತ್ತಿತ್ತು ಅಂತ ಈಗ ನೆನೆದರೆ ಆಶ್ಚರ್ಯವಾಗುತ್ತದೆ. ಈಗ ನೋಡು, ನನ್ನನ್ನು ತಡೆಯುವವರು ಯಾರೂ ಇಲ್ಲ, ಬೇಕಾದ ಹಾಗೆ ಖರ್ಚು ಮಾಡಬಹುದು, ಬೇಕು ಅನ್ನಿಸುವ ವಸ್ತು ಒಂದೂ ಹೊಳೆಯುತ್ತಿಲ್ಲ. ಮೊದಲಿನಷ್ಟೇ ಹೆಚ್ಚಿಗೆ ಮುರಿಯಿರಿ ಅಂತ ಮೇಡಂಗೆ ಹೇಳಿದೆ. ಮೀಸೆಯವನ ಮುಖ ಇಳಿದುಹೋಯಿತು.

ಇದನ್ನೆಲ್ಲ ಓದಿ ನಾನು ಅಳುತ್ತ ಕೂತಿದ್ದೇನೆ ಅಂದುಕೊಳ್ಳಬೇಡ. ಕೆಲಸಕ್ಕೆ ಹೋಗುತ್ತೇನೆ, ಬರುತ್ತೇನೆ. ನೀನು ಇಲ್ಲದಿರುವುದು ನನಗೆ ಕಷ್ಟವಾಗಿದೆ ಅಂತ ಹೇಳಲು ಮಾತ್ರ ಈಗ ನಾಚಿಕೆಯಿಲ್ಲ. ಅಮ್ಮ ತೀರಿಕೊಂಡ ಮೇಲೆ ಭಾವ ಬಂದು ಮದುವೆಗೆ ಕೇಳಿದಾಗ ನೀನು ವಾರಗಟ್ಟಲೆ ಮುಖ ಗಂಟು ಹಾಕಿಕೊಂಡಿದ್ದೆ. ಹೋಗಕ್ಕಾ, ಅಮ್ಮನಿಗೂ ನನಗೂ ಅಂತಲೇ ನಿನ್ನ ಜೀವ ಸವೆಸಿದ್ದು ಸಾಕು ಅಂತ ಹಿಂದೆ ಬಿದ್ದು ಕಳಿಸಿದವನು ನಾನೇ. ಅಮ್ಮನ ಔಷಧಿ ತರಲು ಹೋದಾಗಲೆಲ್ಲ ಆ ಮನುಷ್ಯ ನಿನಗಾಗಿ ಸ್ಟೂಲು ಒರೆಸಿ ಹಾಕುತ್ತಿದ್ದದ್ದನ್ನು ನಾನೂ ಕಣ್ಣಾರೆ ಕಂಡಿದ್ದೇನೆ. ಅವರು ಒಳ್ಳೆಯವರು. ನಾನು ಮಾಡಿದ್ದು ಸರಿ ಅಂತಲೇ ಇವತ್ತಿಗೂ ಅಂದುಕೊಂಡಿದ್ದೇನೆ. ಕೆಲಸದಿಂದ ಬಂದು ಕೈ ತೊಳೆಯುವಾಗ ಮಾತ್ರ, ಇವತ್ತು ಹೀಗಾಯಿತು ಗೊತ್ತಾ ಅಂತ ಶುರು ಮಾಡಿ ಅರ್ಧಕ್ಕೇ ನಿಲ್ಲಿಸುತ್ತೇನೆ. ಅದೊಂದು ಅಭ್ಯಾಸ ಬಿಡಬೇಕು.

ಸರಿ, ಬಿಸಿಲು ಬಂತು, ಬಟ್ಟೆ ಒಣಗಿಸಬೇಕು. ಮಂಡಿಗೆ ಮುಲಾಮು ಹಚ್ಚಿಕೋ, ನನ್ನಾಣೆ. ಭಾವನವರ ಆರೋಗ್ಯ ನೋಡಿಕೋ, ಅವರು ನಿನ್ನ ಮಂಡಿ ನೋಡಿಕೊಳ್ಳಲಿ. ನರ್ಸಮ್ಮ ನಿನ್ನನ್ನು ತುಂಬ ಕೇಳಿದ್ದಾರೆ. ಚಿಕ್ಕವನು ಹರಸಬಾರದು ಅಂತ ಶಾಸ್ತ್ರವಿದ್ದರೂ ಇರಲಿ, ನೀನು ಸುಖವಾಗಿರಬೇಕು ಅಂತ ದಿನಾ ಅಂದುಕೊಳ್ಳುತ್ತೇನೆ.

ಇಂತಿ,
ತಲೆ ಬೋಳಾದರೂ ನಿನಗೆ ಇನ್ನೂ ‘ಪಾಪು’ ಆಗಿರುವ
ತಮ್ಮ

ಮರೆತೆ: ಲಕೋಟೆ ಅಂಟಿಸುವ ಮೊದಲು ಇದೊಂದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಇನ್ನೊಂದು ವಾರ ಒದ್ದಾಡುತ್ತೇನೆ. ಹೋದ ವರ್ಷದ ತೆರಿಗೆ ಕಾಗದ ಕೊಟ್ಟು ಮುಗಿಯಿತು, ಭಾವನವರು ತಮ್ಮದರಲ್ಲಿ ನಿನ್ನನ್ನು ಬರೆಯಲು ಮರೆಯದಿರಲಿ, ಎರಡು ಕಡೆಯೂ ನೀನಿಲ್ಲದ ಹಾಗೆ ಆಗಬಾರದು. ಆದರೆ ಸಂಬಳದ ಮೇಡಂ ಕೊಟ್ಟದ್ದು ಈ ವರ್ಷದ ಫಾರಂ. ಅದರಲ್ಲಿ ಮನೆಯಲ್ಲಿ ಎಷ್ಟು ಜನರನ್ನು ನೋಡಿಕೊಳ್ಳುತ್ತೀರಿ ಅಂತ ಕೇಳಿರುವಲ್ಲಿ ನಾನು ಏನೂ ಬರೆದಿಲ್ಲ. ಖಾಲಿ ಬಿಟ್ಟರೆ ನಡೆಯುವುದಿಲ್ಲವಂತೆ, ತಿಂಗಳ ಕೊನೆಯವರೆಗೆ ಕಾಯುತ್ತೇನೆ ಅಂದಿದ್ದಾರೆ. ಅಕ್ಕಾ, ನಿನಗೆ ತೆರಿಗೆಯ ನಿಯಮ ಗೊತ್ತಿಲ್ಲದೆ ಇಲ್ಲ. ನನಗೆ ಕಲಿಸಿದವಳೇ ನೀನು. ಹೆಸರು ಇರಲಿ ಬಿಡು ಅಂತ ನೀನು ಬರೆದದ್ದು ತೆರಿಗೆಯ ಮಾತೋ, ಬೇರೆ ಮಾತೋ? ನಾನು ಒಬ್ಬನೇ ಇದ್ದು ಇದ್ದು ಆ ಸಾಲನ್ನು ನನಗೆ ಬೇಕಾದ ಹಾಗೆ ಓದಿಕೊಳ್ಳುತ್ತಿರಬಹುದು, ಅದಕ್ಕೇ ನನ್ನ ಮೇಲೆ ನನಗೆ ನಂಬಿಕೆಯಿಲ್ಲ, ನಿನ್ನನ್ನೇ ಕೇಳುತ್ತಿದ್ದೇನೆ. ಅಲ್ಲಿ ಒಂದು ಅಂತ ಬರೆಯಲಾ, ಸೊನ್ನೆ ಅಂತ ಬರೆಯಲಾ? ಕಾರಣ ಕೊಡಬೇಕಾಗಿಲ್ಲ. ಒಂದು ಅಂತ ಒಂದು ಮಾತು ಬರೆದು ಹಾಕು, ಸಾಕು, ನಾನೇ ಬಂದು ಕರೆದುಕೊಂಡು ಬರುತ್ತೇನೆ. ದಾರಿಯುದ್ದಕ್ಕೂ ಏನಾಯಿತು ಅಂತ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ, ಭಾವನವರ ಬಗ್ಗೆ ಕೆಟ್ಟದ್ದನ್ನೂ ಆಡುವುದಿಲ್ಲ. ಸೊನ್ನೆಯಾದರೆ, ನೀನು ಅಲ್ಲಿ ನಿಜವಾಗಿಯೂ ಚೆನ್ನಾಗಿದ್ದೀಯ ಅಂತ ನನಗೆ ಸಂತೋಷವೇ ಆಗುತ್ತದೆ. ಆ ಸಂತೋಷ ಬರುವುದಕ್ಕೆ ಒಂದೆರಡು ದಿನ ಹಿಡಿದೀತು, ಅಷ್ಟೇ.