ಮೂವತ್ತೊಂದನೇ ನಂಬರಿನ ರಿವಾಲ್ವರು

ವೆಸ್ಟ್ ಟಾರ್ಬೆಲ್, ಮ್ಯಾಸಚೂಸೆಟ್ಸ್
ಭಾನುವಾರ, ಏಪ್ರಿಲ್ 23, 2006

ಪ್ರೀತಿಯ ಜರ್ಮೇನ್,

ನಿನ್ನ ಮೂರು ಕಾಗದಗಳು, ಈಸ್ಟರಿನ ಕಾರ್ಡು, ನಾಲ್ಕೂ ಅಡಿಗೆಮನೆ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿವೆ. ಬೈಯಬೇಕಾದ್ದನ್ನೆಲ್ಲ ಬೈದುಬಿಡು, ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ ಅಂದುಕೋ. ಕೈನೋವಿತ್ತು, ಹಿಮ ಬಿದ್ದಿತ್ತು, ಚರ್ಚಿನಲ್ಲಿ ಕೆಲಸವಿತ್ತು ಎಂದು ಏನಾದರೂ ಸುಳ್ಳು ಬರೆಯಬಹುದಿತ್ತು. ನಿನ್ನ ಹತ್ತಿರ ಅದೆಲ್ಲ ನಡೆಯುವುದಿಲ್ಲ. ನಾಚಿಕೆಯಾಗಿ ಬರೆಯಲಿಲ್ಲ, ಅಷ್ಟೇ.

ನಿನ್ನ ಮಂಡಿ ಹೇಗಿದೆ? ಮೆಟ್ಟಿಲಿಲ್ಲದ ಮನೆ ನೋಡಿದ್ದೇನೆ ಎಂದು ಮಗಳು ಕರೆದರೆ ಹಠ ಮಾಡದೆ ಹೋಗು ಮಾರಾಯ್ತಿ. ಇಲ್ಲಿ ನಮ್ಮ ಹಳೆಯ ರಿವಾಲ್ವರ್ ಕಾರ್ಖಾನೆಯ ಕಟ್ಟಡವನ್ನು ಒಡೆದು ಬಾಡಿಗೆ ಮನೆಗಳನ್ನು ಮಾಡುತ್ತಿದ್ದಾರೆ. ನೀನು ತೊಟ್ಟಿಯ ಮುಂದೆ ನಿಂತು ಉಕ್ಕಿಗೆ ನೀಲಿ ಬಣ್ಣ ಏರಿಸುತ್ತ ಕೆಮ್ಮುತ್ತಿದ್ದೆಯಲ್ಲ, ಆ ಜಾಗ ಈಗ ಯಾರದೋ ಮಲಗುವ ಕೋಣೆಯಂತೆ. ನಾನು ಹೋಗಿ ಹೊರಗಿನಿಂದಲೇ ನೋಡಿಬಂದೆ. ಒಳಗೆ ಕರೆದರು, ಹೋಗಲಿಲ್ಲ.

ಈಗ ನೀನು ಕೇಳಿದ ವಿಷಯಕ್ಕೆ ಬರುತ್ತೇನೆ. ರಾಜ್ಯದ ಹಳೆಯ ಗುರಿಗಾರ್ತಿಯರ ಗೌರವ ಫಲಕಕ್ಕೆ ನನ್ನ ಹೆಸರು ಸೇರಿಸಬೇಕೆಂದು ನೀನು ಕಮಿಟಿಯವರ ಬೆನ್ನು ಹತ್ತಿದ್ದು, 1959ರ ಸ್ಪರ್ಧೆಯ ಅಂಕಪುಸ್ತಕವನ್ನು ಅಟ್ಟದಿಂದ ಹುಡುಕಿ ತೆಗೆದದ್ದು, ಅದರಲ್ಲಿ ನನ್ನ ಹೆಸರಿನ ಪುಟ ಹಾಗೇ ಸಿಕ್ಕಿದ್ದು, ಎಲ್ಲ ಓದಿ ಕಣ್ಣು ತುಂಬಿ ಬಂತು. 'ಆರ್ಡಿತ್ ಲುಂಡ್‌ಕ್ವಿಸ್ಟ್, ರಿವಾಲ್ವರ್ ನಂಬರು 31, ಮುನ್ನೂರಕ್ಕೆ 291.' ಕೆಳಗೆ ತೀರ್ಪುಗಾರರ ಸಹಿ. ನಲವತ್ತೇಳು ವರ್ಷದ ಮೇಲೆ ನನ್ನ ತವರಿನ ಹೆಸರನ್ನು ನಿನ್ನ ಅಕ್ಷರದಲ್ಲಿ ನೋಡಿದೆ. ಪುಟದ ಜೊತೆಗೆ ಆ ರಿವಾಲ್ವರನ್ನೂ ನೋಡಬೇಕು, ನಂಬರು ತಾಳೆಯಾಗಬೇಕು ಎಂದು ಕಮಿಟಿಯವರು ಹೇಳಿದ್ದಾರೆ ಎಂದು ಬರೆದಿದ್ದೆ. ಜರ್ಮೇನ್, ಅದನ್ನು ತೋರಿಸಲಾಗುವುದಿಲ್ಲ. ಅದು ಈಗ ನನ್ನ ರಿವಾಲ್ವರೇ ಅಲ್ಲ.

ಅದು ನನ್ನ ಕೈಗೆ ಬಂದ ಬಗೆ ನಿನಗೆ ಗೊತ್ತು. ಗುರಿ ಸ್ಪರ್ಧೆಗೆಂದೇ ಕಾರ್ಖಾನೆ ನಲವತ್ತಾರೇ ನಲವತ್ತಾರು ಮಾಡಿ ನಿಲ್ಲಿಸಿತು. ಅದರಲ್ಲಿ ಒಂದನ್ನು ನಮ್ಮ ಮೇಸ್ತ್ರಿ ಬ್ರಿಗ್ಸ್ ಉಗ್ರಾಣದಿಂದ ಹಾಗೇ ಎತ್ತಿ ತಂದು, "ತಗೋ ಹುಡುಗಿ, ಗಂಡಸರ ಬಾಯಿ ಮುಚ್ಚಿಸು" ಎಂದು ನನ್ನ ಕೈಯಲ್ಲಿಟ್ಟ. ಚೀಟಿಯಿಲ್ಲ, ಸಹಿಯಿಲ್ಲ. ಊಟದ ಬಿಡುವಿನಲ್ಲಿ ನೆಲಮಾಳಿಗೆಯಲ್ಲಿ ಮೂರು ವರ್ಷ ದಿನವೂ ಹೊಡೆದೆ. ನನ್ನ ಹೆಬ್ಬೆರಳು ಗಿಡ್ಡ ಎಂದು ಹಿಡಿಯ ಎಡಗಡೆಯ ಮರವನ್ನು ಉಜ್ಜಿ ಉಜ್ಜಿ ತೆಳ್ಳಗೆ ಮಾಡಿಕೊಂಡೆ. ನನ್ನ ಮದುವೆಯ ದಿನ ಬ್ರಿಗ್ಸ್ ಅದನ್ನೇ ಉಡುಗೊರೆ ಕೊಟ್ಟ. ವೆಂಡೆಲ್ ಅವತ್ತು ಕೋಟಿನ ಮೇಲೆ ಕೇಕು ಬೀಳಿಸಿಕೊಂಡದ್ದು ಕೂಡ ಗೊತ್ತಾಗದೆ ಅದನ್ನೇ ನೋಡುತ್ತಿದ್ದ. "ಇವನು ಕಟ್ಟಿಕೊಂಡದ್ದು ನಿನ್ನನ್ನೋ ಅದನ್ನೋ?" ಎಂದು ನೀನು ಕಿವಿಯಲ್ಲಿ ಕೇಳಿದೆ. ನಾನು ನಕ್ಕೆ. ಈಗ ನಗು ಬರುವುದಿಲ್ಲ.

ಆಮೇಲೆ ಅದು ಗಾಜಿನ ಬೀರು ಸೇರಿತು. "ನಲವತ್ತಾರರಲ್ಲಿ ಒಂದು ಕಣೇ, ಇನ್ನು ಹೊಡೆದು ಸವೆಸಬೇಡ" ಎಂದ. ಹೊಸ ಹೆಂಡತಿ, ಹೇಳಿದಂತೆ ಕೇಳಿದೆ. ಸ್ಪರ್ಧೆಗೆ ಹೋಗುವುದನ್ನೂ ಬಿಟ್ಟೆ. ಅವನು ಒಂದೊಂದಾಗಿ ಇನ್ನೂ ಎಂಟು ಸೇರಿಸಿದ. ಎಂಟೂ ಡಬ್ಬಿಯಿಂದ ಹೊರಬಂದು ಒಂದು ಗುಂಡೂ ಹಾರಿಸದವು. ಈ ಸಂಗ್ರಹಗಾರರ ಮಡಿ ನಿನಗೆ ಗೊತ್ತಿಲ್ಲ. ಬಿಳಿ ಕೈಗವಸು ತೊಟ್ಟೇ ಮುಟ್ಟಬೇಕು, ಕುದುರೆ ಎಳೆಯಬಾರದು, ಸಿಲಿಂಡರು ತಿರುಗಿಸಬಾರದು. ತಿರುಗಿಸಿದರೆ ಸುತ್ತಲೂ ಕೂದಲೆಳೆಯಷ್ಟು ಗೆರೆ ಬೀಳುತ್ತದೆ, ಆಮೇಲೆ ಅದನ್ನು ಕನ್ಯೆ ಎನ್ನುವುದಿಲ್ಲ. ಹೌದು, ಅದೇ ಮಾತು ಆಡುತ್ತಾರೆ, ಮೀಸೆ ನೆರೆತ ಗಂಡಸರು.

ಪ್ರತಿ ಮಾರ್ಚಿನಲ್ಲಿ ಅವರ ಸಂಘದ ಸಮ್ಮೇಳನ. ಹೋಟೆಲಿನ ದೊಡ್ಡ ಹಾಲಿನಲ್ಲಿ ಮೇಜುಗಳ ಮೇಲೆ ಹಸಿರು ಬಟ್ಟೆ ಹಾಸಿ ಜೋಡಿಸಿಟ್ಟಿರುತ್ತಾರೆ. ಕಾರ್ಖಾನೆಯಿಂದ ಬಂದ ಹಾಗೇ ಇರುವ ಒಂದು ತುಣುಕಿಗೆ ಬೆಳ್ಳಿ ತಟ್ಟೆ. ಇಪ್ಪತ್ತಾರು ವರ್ಷ ಹೋದರೂ ವೆಂಡೆಲ್‌ಗೆ ಅದು ಸಿಕ್ಕಿರಲಿಲ್ಲ. ಅವನ ಎಂಟರಲ್ಲಿ ಒಂದಕ್ಕೆ ಡಬ್ಬಿ ಹರಿದಿದೆ, ಇನ್ನೊಂದರ ಸಿಲಿಂಡರಿನಲ್ಲಿ ಗೆರೆಯಿದೆ, ಎಲ್ಲದಕ್ಕೂ ಒಂದೊಂದು ಐಬು. ಹೋದ ಸೆಪ್ಟೆಂಬರಿನಲ್ಲಿ "ನಿಂದನ್ನ ಸ್ವಲ್ಪ ಕ್ಲೀನ್ ಮಾಡಿಸ್ತೀನಿ, ತುಕ್ಕು ಹಿಡೀತಿದೆ" ಎಂದು ಪೆನ್ಸಿಲ್ವೇನಿಯಾದ ಒಬ್ಬ ರಿಪೇರಿಯವನಿಗೆ ಕಳಿಸಿದ. ಪಾಪ, ಕೊನೆಗೂ ನನ್ನದರ ಮೇಲೆ ಅಕ್ಕರೆ ಹುಟ್ಟಿತಲ್ಲ ಎಂದುಕೊಂಡೆ. ನನ್ನಂಥ ಪೆದ್ದಿ ಇಲ್ಲ.

ಈ ಮಾರ್ಚಿನಲ್ಲಿ ನಾನೂ ಜೊತೆಗೆ ಹೋಗಿದ್ದೆ. ಹಾಲಿನಲ್ಲಿ ಅವನ ಮೇಜಿನ ಸುತ್ತ ಜನ. ನಟ್ಟನಡುವೆ ಮೂವತ್ತೊಂದು. ನೀನಿದ್ದಿದ್ದರೆ ಹತ್ತು ಹೆಜ್ಜೆ ದೂರದಿಂದಲೇ ಆ ಬಣ್ಣ ನಮ್ಮ ತೊಟ್ಟಿಯದಲ್ಲ ಎಂದುಬಿಡುತ್ತಿದ್ದೆ. ನಳಿಗೆ ಬೇರೆ, ಸಿಲಿಂಡರು ಬೇರೆ, ಹಿಡಿಯ ಮರ ಬೇರೆ. ಯಾವನೋ ಸತ್ತ ಫಿಟ್ಟರನ ಮನೆಯಲ್ಲಿ ಉಳಿದಿದ್ದ ಬಿಡಿ ಭಾಗಗಳಂತೆ. ಇವನ್ನೆಲ್ಲ ಕೂರಿಸುವ, ನಂಬರು ಕೊರೆದ ಉಕ್ಕಿನ ಚೌಕಟ್ಟು ಮಾತ್ರ ಹಳೆಯದು. ಪಕ್ಕದಲ್ಲಿ ಕಾರ್ಡು: 'ನಂಬರು 31. ಕಾರ್ಖಾನೆ ಮುಚ್ಚುವ ತನಕ ಉಗ್ರಾಣದಿಂದ ಹೊರಗೆ ಹೋಗಿಲ್ಲ. ಒಂದೂ ಗುಂಡು ಹಾರಿಸಿಲ್ಲ.' ಅದರ ಮೇಲೆ ಗಾಜು ಹಾಕಿಸಿದ ಕಾಗದ, ಕಾರ್ಖಾನೆಯ ಹಳೆಯ ದಾಖಲೆ ನೋಡಿ ಬರೆಸಿಕೊಂಡದ್ದು. ಉಗ್ರಾಣಕ್ಕೆ ಹೋಯಿತು ಎಂದಿದೆ, ಹೊರಗೆ ಬಂತು ಎಂದು ಎಲ್ಲೂ ಇಲ್ಲ. ಬ್ರಿಗ್ಸ್ ಬರೆದಿಡಲಿಲ್ಲವಲ್ಲ! ಆ ಸಂಘದಲ್ಲಿ ಆ ಕಾಗದವೇ ದೇವರ ಮಾತು. ಅದರ ಮುಂದೆ ನಾನು ಯಾರು?

ತೀರ್ಪುಗಾರ ಕಿಟ್ರೆಡ್ಜ್ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕಾಲು ಗಂಟೆ ನೋಡಿದ. ಒಳ್ಳೆಯ ಮನುಷ್ಯ, ಅವನ ತಪ್ಪಿಲ್ಲ. "ಸಿಲಿಂಡರಿನಲ್ಲಿ ಗೆರೆ ಕೂಡ ಇಲ್ಲ!" ಎಂದು ನನ್ನ ಕಡೆ ತಿರುಗಿದ. "ಮಿಸೆಸ್ ಟ್ರಾಸ್ಕ್, ಇಷ್ಟು ವರ್ಷ ಇದನ್ನ ಯಾರೂ ಮುಟ್ಟೇ ಇಲ್ಲ ಅಂದ್ರೆ ನಂಬೋಕಾಗಲ್ಲ ನೋಡಿ."

"ನಂಗೂ ನಂಬೋಕಾಗ್ತಿಲ್ಲ" ಎಂದೆ.

ಸುತ್ತಲಿದ್ದವರೆಲ್ಲ ನಕ್ಕರು. ನಾನೇನೋ ತಮಾಷೆ ಮಾಡಿದೆನಂತೆ. "ನೀವೂ ಶೂಟ್ ಮಾಡ್ತೀರಾ?" ಎಂದು ಕಿಟ್ರೆಡ್ಜ್ ಮರ್ಯಾದೆಗೆಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ವೆಂಡೆಲ್ ಹೇಳಿದ, "ಅಯ್ಯೋ, ಇವಳಾ? ಶಬ್ದ ಕೇಳಿದ್ರೇ ಆಗಲ್ಲ ಇವಳಿಗೆ."

ಮೈಯೆಲ್ಲ ಉರಿದುಹೋಯಿತು ಕಣೇ. ಬೆಳ್ಳಿ ತಟ್ಟೆ ಕೊಟ್ಟರು. ಫೋಟೋಕ್ಕೆ ಅವನ ಪಕ್ಕ ನಿಂತೆ, ನನ್ನ ಕೈಗೂ ಬಿಳಿ ಕೈಗವಸು ತೊಡಿಸಿ ಅದನ್ನು ಹಿಡಿಸಿದರು. ಹೆಬ್ಬೆರಳಿಗೆ ದಪ್ಪನೆಯ ಹೊಸ ಮರ ತಗುಲಿತು. ಕೈಗೆ ಅದು ಗುರುತೇ ಹತ್ತಲಿಲ್ಲ.

ಮನೆಗೆ ಬರುವಾಗ ಕಾರು ವೂಸ್ಟರ್ ಊರು ದಾಟಿತು. ಆಮೇಲೆ ಕೇಳಿದೆ, "ನನ್ನ ಹಳೇ ನಳಿಗೆ ಎಲ್ಲಿ, ವೆಂಡೆಲ್?"

"ಅದು ಯಾಕೀಗ? ಆ ರಿಪೇರಿಯವನೇ ಇಟ್ಕೊಂಡ. ಗುಜರಿಗೆ ಹಾಕಿರ್ತಾನೆ."

"ನನ್ನ ಹಿಡಿ?"

"ಉಜ್ಜಿ ಹಾಳುಮಾಡಿದ್ದೆಯಲ್ಲ, ಅದಾ? ಅದನ್ನ ಯಾರಿಟ್ಕೋತಾರೆ?" ಎಂದ. ಆಮೇಲೆ, "ಇದನ್ನ ಯಾರ ಹತ್ರನೂ ಬಾಯಿ ಬಿಡಬೇಡ ಆರ್ಡಿತ್. ನನ್ನ ಮರ್ಯಾದೆ ಮೂರು ಕಾಸಾಗುತ್ತೆ. ಸಂಘದಿಂದ ಕತ್ತು ಹಿಡಿದು ಆಚೆ ಹಾಕ್ತಾರೆ" ಎಂದ.

ಅದಕ್ಕೇ, ಜರ್ಮೇನ್, ನಿನ್ನಲ್ಲಿ ಇದೊಂದು ಬೇಡಿಕೆ. ಆ ಪುಟವನ್ನು ಕಮಿಟಿಗೆ ಕಳಿಸಬೇಡ. ಅದು ಅಲ್ಲಿಗೆ ಹೋದರೆ ಸಂಘದವರಿಗೂ ತಿಳಿಯುತ್ತದೆ, ಅಲ್ಲಿಯೂ ಇಲ್ಲಿಯೂ ಅದೇ ಜನ. ಹಾರಿಸದ ರಿವಾಲ್ವರಿನಿಂದ 291 ಹೇಗೆ ಬಂತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದೋ ಅವನು ಸುಳ್ಳನಾಗಬೇಕು, ಇಲ್ಲ ನಾನು. ನೀನು ಹಲ್ಲು ಕಡಿಯುವುದು ಇಲ್ಲಿಗೆ ಕೇಳಿಸುತ್ತಿದೆ. ಆದರೆ ಅವನಿಗೆ ಎಪ್ಪತ್ತನಾಲ್ಕು. ಹೋದ ವರ್ಷ ಹೃದಯಕ್ಕೆ ಎರಡು ಸ್ಟೆಂಟು ಹಾಕಿದ್ದಾರೆ. ಆ ಸಂಘದ ಐದಾರು ಮುದುಕರನ್ನು ಬಿಟ್ಟರೆ ಅವನ ಜೊತೆ ಫೋನಿನಲ್ಲಿ ಹತ್ತು ನಿಮಿಷ ಮಾತಾಡುವವರಿಲ್ಲ. ಅದನ್ನೂ ಕಿತ್ತುಕೊಂಡರೆ ನನ್ನೊಬ್ಬಳ ಜೊತೆ ಈ ಮನೆಯಲ್ಲಿ ಕೂತು ಏನು ಮಾಡುತ್ತಾನೆ? ನಾನಾದರೂ ಏನು ಮಾಡಲಿ?

ಫಲಕದಲ್ಲಿ ಹೆಸರಿಲ್ಲದೆಯೇ ಇಷ್ಟು ವರ್ಷ ಕಳೆದೆ, ಇನ್ನು ಉಳಿದದ್ದು ಎಷ್ಟು? ಅವತ್ತು ಹೊಡೆದದ್ದು ನಾನು, ಪಕ್ಕದಲ್ಲಿ ಕೂತು ಬರೆದುಕೊಂಡದ್ದು ನೀನು. ನಮ್ಮಿಬ್ಬರಿಗೆ ಗೊತ್ತಿದ್ದರೆ ಸಾಕು ಎಂದು ಹೇಳಿಕೊಳ್ಳುತ್ತಿದ್ದೇನೆ. ಸಾಕಾಗುವುದಿಲ್ಲ ಎಂದೂ ಗೊತ್ತು. ಕಮಿಟಿಯವರಿಗೆ ಪುಟ ಓದಲು ಬರದಷ್ಟು ಮಾಸಿದೆ ಎಂದೋ ಏನೋ ಹೇಳು. ಸುಳ್ಳು ಹೇಳೆಂದು ನಿನ್ನನ್ನು ಕೇಳುತ್ತಿರುವುದು ಇದೇ ಮೊದಲು. ಕ್ಷಮಿಸು.

ಮಂಡಿ ಬೇಗ ಸರಿಹೋಗಲಿ, ಮಗಳು ಮೊಮ್ಮಕ್ಕಳೊಡನೆ ಸುಖವಾಗಿರು. ದೇವರು ನಿನ್ನನ್ನು ನನಗಿಂತ ಹೆಚ್ಚು ದಿನ ಇಟ್ಟಿರಲಿ; ನನ್ನ ಪರವಾಗಿ ಜಗಳ ಆಡುವವರು ಬೇರೆ ಯಾರಿದ್ದಾರೆ?

ಎಂದೆಂದಿಗೂ ನಿನ್ನ,
ಆರ್ಡಿತ್

ಮರೆತ ಮಾತು: ಸೋಮವಾರ ಬೆಳಿಗ್ಗೆ.

ಲಕೋಟೆ ಅಂಟಿಸಿ ಬಾಗಿಲ ಹತ್ತಿರ ಇಟ್ಟಿದ್ದೆ. ಈಗ ಹರಿದು ಇದನ್ನು ಸೇರಿಸುತ್ತಿದ್ದೇನೆ. ಮೇಲಿನದನ್ನು ಹೊಡೆದುಹಾಕುವುದಿಲ್ಲ, ಅದೂ ನಿಜವಾಗಿ ಅನಿಸಿದ್ದೇ.

ತಿಂಡಿಗೆ ಕೂತಾಗ ಕೇಳಿದೆ. ಜಗಳಕ್ಕಲ್ಲ, ಒಂದು ತಿಂಗಳಿಂದ ಒಳಗೇ ಕೊರೆಯುತ್ತಿತ್ತು, ಅದಕ್ಕೆ. "ನಿನ್ನ ಹತ್ರ ಇನ್ನೂ ಎಂಟು ಇದ್ವಲ್ಲ ವೆಂಡೆಲ್. ಗೆರೆ ಬಿದ್ದಿರೋ ಸಿಲಿಂಡರು ಒಂದನ್ನ ಬದಲಾಯಿಸಿದ್ರೆ ಆಗ್ತಿತ್ತು. ನಂದನ್ನೇ ಯಾಕೆ ಕಳಿಸ್ದೆ?"

ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ನಾನೇನೋ ಹುಚ್ಚು ಪ್ರಶ್ನೆ ಕೇಳಿದೆ ಎನ್ನುವ ಹಾಗೆ ತಲೆಯೆತ್ತಿದ. "ಅವು ಅಸಲಿ ಆರ್ಡಿತ್! ಅವಕ್ಕೆ ಹ್ಯಾಗೆ ಕೈ ಹಾಕೋದು? ಅದು ಪಾಪ. ನಿಂದು ಹೇಗೂ ಕೆಟ್ಟಿತ್ತಲ್ಲ."

"ಯಾರು ಕೆಡಿಸಿದ್ದು?"

"ನೀನೇ. ಮೂರು ವರ್ಷ ಹೊಡೆದೆಯಲ್ಲ."

ಕೋಪವಿಲ್ಲ, ವ್ಯಂಗ್ಯವಿಲ್ಲ. ಇವತ್ತು ಮಳೆ ಬರುತ್ತೆ ಎನ್ನುವ ಹಾಗೆ ಹೇಳಿ ಜಾಮಿನ ಬಾಟಲಿಗೆ ಕೈಚಾಚಿದ. ಅವನು ಹೆದರಿ ಸುಳ್ಳು ಹೇಳಿದ, ಆಸೆಗೆ ಬಿದ್ದು ಹೇಳಿದ ಎಂದು ನಾನು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ. ಅಲ್ಲ ಜರ್ಮೇನ್. ಮದುವೆಯ ದಿನದಿಂದ ಅದನ್ನು ನೋಡಿದಾಗಲೆಲ್ಲ ಅವನಿಗೆ ಕಂಡದ್ದು ಅದೊಂದೇ: ಚೆನ್ನಾಗಿದ್ದದ್ದನ್ನು ಇವಳು ಕೆಡಿಸಿದಳು. ನಾನು ಜೀವನದಲ್ಲಿ ಒಂದೇ ಒಂದು ಕೆಲಸ ಚೆನ್ನಾಗಿ ಮಾಡಿದ್ದೆ.

ಆ ಪುಟ ಕಳಿಸು. ಕಮಿಟಿಗೆ ಒಂದು ಪ್ರತಿ, ಕಿಟ್ರೆಡ್ಜ್‌ಗೆ ಒಂದು. ಅವನ ವಿಳಾಸ ಈ ಹಾಳೆಯ ಹಿಂದೆ ಬರೆದಿದ್ದೇನೆ.